ಅದೇ ಲಾರಿ

ನಸುಕಿನ ನಾಲ್ಕೂವರೆಗೆ, ನನ್ನ ಹಾರ್ನಿಗಿಂತ ಮೊದಲು
ಐಸಿಲ್ಡಾಳ ನಾಯಿ ಬೊಗಳುತ್ತಿತ್ತು.
ಸೇಂಟ್ ಎಲಿಜಬೆತ್ತಿನ ಕೆಂಪುಮಣ್ಣಿನ ಏರು ಹತ್ತಿ ಲಾರಿ ನಿಲ್ಲಿಸಿದರೆ
ಎರಡು ಕ್ಯಾನು, ಮೇಲೊಂದು ಒದ್ದೆ ಗೋಣಿ,
ಕೆಚ್ಚಲ ಬಿಸುಪು ಇನ್ನೂ ಆರದ ಹಾಲು.
ನಾನು ಗಾಜಿನ ಕಡ್ಡಿ ಅದ್ದಿ ನೋಡಿದರೆ ಅವಳಿಗೆ ಮುನಿಸು:
"ನೀರು ಬೇಕಿದ್ದರೆ ತೊಟ್ಟಿ ಅಲ್ಲಿದೆ, ಎವರಲ್ಡ್. ಇಲ್ಲಿರುವುದು ಹಸು."

ಆ ತಳಿಗೆ ನಮ್ಮ ಜಮೈಕಾದ್ದೇ ಹೆಸರು.
ಬಿಸಿಲಿಗೂ ಉಣ್ಣಿಗೂ ಜಗ್ಗದ ಹಾಗೆ
ಹಿರಿಯರು ವರ್ಷಗಟ್ಟಲೆ ಕೂಡಿಸಿ ಕೂಡಿಸಿ ಕಟ್ಟಿದ್ದು.
ಕರಾರಿನ ಯಾವ ಪುಟದಲ್ಲೂ
ಉಣ್ಣಿಯ ಮಾತಿಲ್ಲವಂತೆ.

ಸಹಿ ಬಿದ್ದ ದಿನ ಇಲ್ಲಿ ಏನೂ ಆಗಲಿಲ್ಲ.
ಸುಂಕದ ಗೇಟು ಎತ್ತಿದ ಸದ್ದು
ಈ ಏರಿನ ತನಕ ಕೇಳುವಂಥದ್ದಲ್ಲ.
ಆಮೇಲೆ ಕಿಂಗ್‌ಸ್ಟನ್ ಬಂದರಿಗೆ ಪುಡಿ ಬಂತು,
ಚೀಲದ ಮೇಲೆ ಹಿಮದ ಗುಡ್ಡ, ಕೊರಳಗಂಟೆ ಕಟ್ಟಿ ನಗುವ ಹಸು.
ಅದರ ಮೇವಿಗೆ ಅದರ ಸರಕಾರ ಕಾಸು ಕೊಡುತ್ತದೆ.
ನಮ್ಮದು ಕೊಡಹೋದರೆ
ನಮಗೆ ಸಾಲ ಕೊಟ್ಟವರ ಹುಬ್ಬು ಗಂಟಿಕ್ಕುತ್ತದೆ.
ಪುಡಿ ಹುಳಿಯುವುದಿಲ್ಲ. ಕಾಯುತ್ತದೆ.
ಕಾಯಲಾರದ್ದು ನನ್ನ ಟ್ಯಾಂಕಿನಲ್ಲಿತ್ತು.

ಡೈರಿಯವರು ಮೊದಲು ಒಂದೇ ಕ್ಯಾನು ಸಾಕೆಂದರು,
ಆಮೇಲೆ ದಿನ ಬಿಟ್ಟು ದಿನ.
ಒಂದು ಬುಧವಾರ ನಾನೇ ವಾಲ್ವು ತಿರುಗಿಸಿ
ಅವಳ ಗೇಟಿನೆದುರೇ ಚರಂಡಿಗೆ ಬಿಟ್ಟೆ.
ಕೆಂಪುಮಣ್ಣು ಕುಡಿಯಿತು, ಕುಡಿದು ಗುಲಾಬಿಯಾಯಿತು.
ಊರ ಬೆಕ್ಕುಗಳೆಲ್ಲ ಬಂದವು.
ಐಸಿಲ್ಡಾ ಬರಲಿಲ್ಲ.

ಹಸುಗಳನ್ನು ಕಟುಕನಿಗೆ ಕೊಟ್ಟಳು, ಒಂದೊಂದಾಗಿ,
ಗಬ್ಬದ ಹಸುವನ್ನು ಕೊನೆಗೆ.

ಪುಡಿ ಅಗ್ಗ. ಸುಳ್ಳು ಹೇಳಲಾರೆ,
ನನ್ನ ಮೂರನೆಯ ಮಗಳು ಅದರಲ್ಲೇ ಬೆಳೆದಳು; ಹಲ್ಲು ಗಟ್ಟಿ.
ಟ್ಯಾಂಕು ಕಳಚಿ ಹಲಗೆ ಜಡಿಸಿದ್ದೇನೆ. ಅದೇ ಲಾರಿ
ಈಗ ಬಂದರಿನಿಂದ ಚೀಲ ಹೊರುತ್ತದೆ. ಬಾಡಿಗೆ ಪರವಾಗಿಲ್ಲ.

ಈ ವರ್ಷ ಎಲ್ಲೋ ಹುಲ್ಲು ಒಣಗಿ ಪುಡಿಯ ಬೆಲೆ ಏರಿತು.
ಇಲಾಖೆಯ ಇಬ್ಬರು ಬಂದು ಕೇಳಿದರಂತೆ:
ಮತ್ತೆ ಹಸು ಕಟ್ಟುತ್ತೀರಾ, ಅಮ್ಮಾ?
ಕೊಟ್ಟಿಗೆ ತೋರಿಸಿದಳಂತೆ. ಗೋದಲಿಯ ಉದ್ದಕ್ಕೂ
ಪುಡಿಯ ಖಾಲಿ ಡಬ್ಬಗಳಲ್ಲಿ ಥೈಮ್ ಸೊಪ್ಪು.

ನಿನ್ನೆ ಆ ದಾರಿಯಲ್ಲಿ ಹೋಗಿದ್ದೆ. ನಾಯಿ ಬೇರೆ.
ಚಹಾ ಕೊಟ್ಟಳು. ಮೇಲೆ ಪುಡಿಯ ಗಂಟುಗಳು ತೇಲುತ್ತಿದ್ದವು;
ಗಂಟು ಒಡೆಯುವುದನ್ನು ಅವಳ ಕೈ ಇನ್ನೂ ಕಲಿತಿಲ್ಲ.
ಕಲಕಲು ನಾನೊಂದು ಕಡ್ಡಿ ಹುಡುಕುತ್ತಿದ್ದೆ.
ತಲೆ ಎತ್ತದೆಯೇ ಕೇಳಿದಳು:
"ನೋಡು ಎವರಲ್ಡ್, ನೀರು ಹೆಚ್ಚಾಯಿತೇ?"