ಗೃಹಾಧಾರಿತ

ಮಾರ್ಚ್ ಮೂವತ್ತೊಂದರೊಳಗೆ ಸಹಿ ಬೇಕು.
ಅದಕ್ಕೇ ಬಂದಿದ್ದೆ, ಮಾದನಗೇರಿಯಲ್ಲಿ ತಿರುಗಿ,
ಹೆದ್ದಾರಿಯ ಧೂಳೆಲ್ಲ ತಲೆಗೂದಲಿಗೆ ತುಂಬಿಕೊಂಡು.
ಸಾಣಿಕಟ್ಟೆಯ ಆಗರದ ಬದುವಿನಲ್ಲಿ ಸ್ಕೂಟರ್ ನಿಲ್ಲಿಸಿ
ಡಿಕ್ಕಿಯಿಂದ ವಹಿ ತೆಗೆದೆ. ರಟ್ಟಿನ ಮೇಲೆ ನನ್ನದೇ ದುಂಡಕ್ಷರ:
ಗೃಹಾಧಾರಿತ ಶಿಕ್ಷಣ. ತೃಪ್ತಿ ಬೀರಾ ಆಗೇರ.
ನಾಲ್ಕನೇ ಇಯತ್ತೆ. ಪ್ರತಿ ಶನಿವಾರ ಭೇಟಿ.

ಮೂವತ್ತೆರಡು ಶನಿವಾರ.
ಮೂವತ್ತೆರಡೂ ನಿನ್ನೆ ರಾತ್ರಿ ಕೂತು ಬರೆದವು,
ಮೂರು ಪೆನ್ನು ಬದಲಿಸುತ್ತ.
ಒಂದೇ ಶಾಯಿ ಕಂಡರೆ ತಪಾಸಣೆಯವರಿಗೆ ಅನುಮಾನ.
ಮಣಿ ಪೋಣಿಸಿದಳು. ಗುಂಡಿ ಹಾಕಿದಳು. ಕೆಂಪು ಗುರುತಿಸಿದಳು.

ಮಂಕಾಳಿ ಉಪ್ಪು ಎಳೆಯುವಲ್ಲಿಂದ ಎದ್ದು ಬಂದಳು,
ಹಿಮ್ಮಡಿಯ ಬಿರುಕಿನಲ್ಲಿ ಬಿಳಿ.
ನೀರು ಕೊಟ್ಟಳು, ಬೆಲ್ಲ ಕೊಟ್ಟಳು.
ಸೆರಗಿಗೆ ಕೈ ಒರೆಸಿಕೊಂಡಾಗ ಪೆನ್ನು ಮುಂದೆ ಹಿಡಿದೆ.
ಅವಳು ಗೋಡೆಯಿಂದ ಕ್ಯಾಲೆಂಡರ್ ಇಳಿಸಿದಳು.

ಸೊಸೈಟಿಯವರು ಪುಕ್ಕಟೆ ಕೊಟ್ಟದ್ದು. ಹಳೇ ವರ್ಷದ್ದಕ್ಕೆ
ಹೊಸ ವರ್ಷದ್ದನ್ನು ಸೂಜಿ ದಾರದಲ್ಲಿ ಹೊಲಿದಿದ್ದಳು.
ಶನಿವಾರದ ಮನೆಗಳಲ್ಲೆಲ್ಲ ಇದ್ದಿಲ ಗೀಟು.
ಜುಲೈಯಲ್ಲೊಂದು, ನವೆಂಬರಿನಲ್ಲೊಂದು ಗೀಟಿಗೆ
ಸುತ್ತ ಸೊನ್ನೆ.

"ಸೊನ್ನೆ, ನೀವು ಬಂದ ದಿವ್ಸ ಅಕ್ಕೋರೇ."
ಗೀಟು?
"ಅದು ಕೂಸು ಕೂತ ದಿವ್ಸ.
ಮಿಂದು, ಯೂನಿಫಾರ್ಮ್ ಹಾಕ್ಕಂಡು, ಹೊಸ್ತಿಲ ಮೇಲೆ.
ಮಧ್ಯಾಹ್ನದ ಗಂಜಿಗೂ ಏಳೂಕೆ ಒಪ್ಪೂದಿಲ್ಲ.
ಬುದ್ಧಿ ಇಲ್ಲ ಅಂತ್ರಿ ನೀವೆಲ್ಲ.
ಶನಿವಾರ ಅವ್ಳಿಗೆ ಗೊತ್ತಾಗ್ತದೆ."

ನಾನೂ ಹೇಳಿದೆ, ಹೇಳದೆ ಇರಲಿಲ್ಲ:
ಇಡೀ ತಾಲೂಕಿಗೆ ನಾನೊಬ್ಬಳು, ಎಪ್ಪತ್ತನಾಲ್ಕು ಮಕ್ಕಳು,
ಮಿರ್ಜಾನಕ್ಕೊಂದು ದಿನ, ಹಿರೇಗುತ್ತಿಗೊಂದು ದಿನ,
ಪೆಟ್ರೋಲ್ ನನ್ನದೇ, ಗುತ್ತಿಗೆಯ ನೌಕರಿ,
ಡಿಸೆಂಬರಿನಿಂದ ಸಂಬಳ ಆಗಿಲ್ಲ.
ಕೇಳಿದಳು. ಹೌದು ಅಂದಳು. ಇನ್ನಷ್ಟು ಬೆಲ್ಲ ಇಟ್ಟಳು.
"ಆದ್ರೆ ಆಗರದಲ್ಲಿ ರೈಟರು ನೂರು ಬುಟ್ಟಿ ಬರೆದ್ರೆ
ನೂರು ಬುಟ್ಟಿ ರಾಶಿ ಕಾಣ್ಬೇಕು, ಅಲ್ದಾ?"

ಆಗಸ್ಟಿನ ಸಭೆಯಲ್ಲೂ ಹೀಗೇ ನಿಂತಿದ್ದಳು,
ಕಿಟಕಿ ಪಕ್ಕ ಒಂದು ಮಣೆಯಷ್ಟು ಜಾಗ ಕೇಳಿಕೊಂಡು.
ಪ್ರಾರ್ಥನೆಯಲ್ಲಿ ನಗುತ್ತಾಳೆ, ನಲ್ಲಿ ಬಿಟ್ಟು ಬರುತ್ತಾಳೆ,
ಬೇರೆ ಮಕ್ಕಳ ಪರೀಕ್ಷೆ ಏನಾಗಬೇಕು
ಅಂದಿದ್ದರು ಉಳಿದ ಪಾಲಕರು.
ಗಾಂವಕರ ಮಾಸ್ತರು ನನ್ನ ಮುಖ ನೋಡಿದರು.
ಆ ಶಬ್ದ ಹುಡುಕಿ ಕೊಟ್ಟವಳು ನಾನು. ಮೆತ್ತಗಿನ ಶಬ್ದ;
ಬಾಗಿಲು ಹಾಕುವಾಗ ಸದ್ದಾಗದಿರಲೆಂದು
ಸಂದಿಗಿಡುವ ಬಟ್ಟೆ.

"ಶಾಲೆಗೆ ಬೇಡ ಅಂತ ಬೇಕಾದ್ರೆ ಬರ್ಕೊಡಿ,
ಆ ಕಾಗದ ಹಿಡ್ಕಂಡು ಎಲ್ಲಿಗೆ ಹೋಗ್ಬೇಕೋ ಹೋಗ್ತೆ.
ಮನೆಗೆ ಬಂದಿರಿ ಅಂತ ಬರೀಬೇಡಿ."

ಮತ್ತೆ ವಹಿ ತೊಡೆಯ ಮೇಲಿಟ್ಟುಕೊಂಡು
ಎರಡು ಕಡೆ ಹೆಸರು ಬರೆದಳು,
ಒದ್ದೆ ಬದುವಿನ ಮೇಲೆ ಹೆಜ್ಜೆ ಇಡುವ ಹಾಗೆ
ಒಂದೊಂದೇ ಅಕ್ಷರ: ಜುಲೈಗೊಂದು, ನವೆಂಬರಿಗೊಂದು.

ಹೊರಗೆ ಬಂದರೆ ತೃಪ್ತಿ ಸ್ಕೂಟರಿನ ಮುಂದೆ ನಿಂತಿದ್ದಾಳೆ,
ಚೀಲ ಎದೆಗವಚಿಕೊಂಡು, ಒಂದು ಕೈ ಬ್ರೇಕಿನ ಮೇಲೆ.
ಇವತ್ತು ಮಂಗಳವಾರ. ಅದೂ ಅವಳಿಗೆ ಗೊತ್ತು,
ಯೂನಿಫಾರ್ಮ್ ಇರಲಿಲ್ಲ.
ಬೆರಳು ಬಿಡಿಸಲು ಇಬ್ಬರಿಗೂ ಕಾಲು ಗಂಟೆ ಹಿಡಿಯಿತು.
ಅಳಲಿಲ್ಲ. ನನ್ನ ದುಪಟ್ಟಾದ ಅಂಚು ಹಿಡಿದು
ಕೆಂಪು, ಅಂದಳು.
ಕೆಂಪೇ ಆಗಿತ್ತು.

ಕುಮಟೆಯ ಕಚೇರಿ ಐದೂವರೆಗೆ ಮುಚ್ಚುತ್ತದೆ.
ದಾರಿಯಲ್ಲಿ ಒಂದು ಕಡೆ ಸ್ಕೂಟರ್ ನಿಲ್ಲಿಸಿ ವಹಿ ತೆರೆದೆ.
ಮೂವತ್ತು ಮನೆ ಖಾಲಿ.
ಗಾಳಿಗೆ ಹಾಳೆ ತಾನೇ ಮಗುಚಿಕೊಳ್ಳುತ್ತಿತ್ತು.
ಮೂರೂ ಪೆನ್ನು ಬ್ಯಾಗಿನಲ್ಲೇ ಇದ್ದವು.