ಹಾಳೆಗೆ ಹತ್ತು

ಕುತೈಸಿಯ ನಾಲ್ಕನೇ ಮಹಡಿ. ಅಡುಗೆಮೇಜಿನ ಮೇಲೆ
ಪ್ರಿಂಟರು ಕೆಮ್ಮಿ ಕೆಮ್ಮಿ ಉಗುಳಿತು
ಹಾಳೆಗೆ ಹತ್ತು ಇಜೋಲ್ಡಾ.

ಹೆಸರಿನ ಕೆಳಗೆ ಏನು ಹಾಕಲಿ?
'ಪಿಯಾನೊ ತಜ್ಞೆ' — ಛೆ, ಜಂಬವಾಯಿತು.
'ಶ್ರುತಿ ಮಾಡಿಕೊಡಲಾಗುವುದು' — ಸಾಕು.

ಹಳದಿ ಶಾಯಿ ತೀರಿ
ಅಂಚಿನ ದ್ರಾಕ್ಷಿ ಎಲೆ ನೀಲಿಗಟ್ಟಿತು. ಇರಲಿ.
ಹೊಲಿಗೆಯ ಕತ್ತರಿ, ಒಂದರ ಹಾಗೆ ಒಂದಿಲ್ಲ;
ಸ್ವರ ಕೂದಲೆಳೆ ಜಾರಿದರೂ ಮುಖ ಕಿವುಚುವವಳು
ಇದಕ್ಕೆ ಸುಮ್ಮನಾದಳು.

ಇನ್ನೂರು ಹಂಚಿದಳು. ವಾರವಿಡೀ ಫೋನು ಮೂಕ.

ಭಾನುವಾರ ಯಾರೋ ಮುದುಕ:
"ನಿಮ್ಮ ಕಾರ್ಡಿನಲ್ಲಿರುವುದು ನನ್ನ ನಂಬರಮ್ಮ.
ಕೊನೆಯ ಅಂಕಿಯೇ ತಪ್ಪಿರಬೇಕು ಅಂತ
ಸೊನ್ನೆಯಿಂದ ಒಂದೊಂದೇ ಒತ್ತಿ ನೋಡಿದೆ,
ಏಳಕ್ಕೆ ನೀವು ಸಿಕ್ಕಿರಿ.
ಆರು ಮನೆಯವರು ಕರೆದಿದ್ದಾರೆ,
ವಿಳಾಸ ಬರೆದಿಟ್ಟಿದ್ದೇನೆ.
ಪೆನ್ನು ಇದೆಯಾ?"

ಕೈಗೆ ಸಿಕ್ಕಿದ್ದು ಉಳಿದೊಂದು ಕಾರ್ಡು.
ಅದರ ಬೆನ್ನಿಗೆ ಬರೆದುಕೊಂಡಳು.