ಅಂಗೈಯಗಲ

ನೆಲಕ್ಕೂ ಕಾರಿಗೂ ನಂಟು ಇಷ್ಟೇ:
ಒಂದೊಂದು ಗಾಲಿಯಡಿ ಅಂಗೈಯಗಲ ರಬ್ಬರು.
ಉಳಿದದ್ದೆಲ್ಲ, ಎಂಜಿನ್ನು, ಬಣ್ಣ, ತೊಗಲಿನ ಸೀಟು, ಸಾಲದ ಕಂತು,
ಆ ನಾಲ್ಕು ಅಂಗೈ ಮೇಲೆ ಕೂತ ಸಂಸಾರ.

ಹೀಗೆಂದವನು ಓಲ್ದ್ರಿಖ್ ಕೊಪ್ರಿವಾ,
ನಾನು ಕೆಲಸಕ್ಕೆ ಸೇರಿದ ದಿನ,
ಮೊರಾವಾ ಹೊಳೆದಂಡೆಯ ಹಳೇ ವಿಮಾನ ಬಯಲಲ್ಲಿ
ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತ.
ಮೂವತ್ತೊಂದು ವರ್ಷದ ಟೆಸ್ಟ್ ಡ್ರೈವರ್.
ಕೈಗವಸು ತೊಟ್ಟವನಲ್ಲ.
"ಗವಸು ಹಾಕ್ಕೊಂಡು ಮಗುವಿನ ಜ್ವರ ನೋಡ್ತಾರಾ, ಬ್ಲಾಂಕಾ?"
ನಮ್ಮ ಮಾತಲ್ಲಿ ಕೊಪ್ರಿವಾ ಎಂದರೆ ತುರಿಕೆಸೊಪ್ಪು.
ಮುಟ್ಟಿದವರಿಗೆ ಗೊತ್ತು.

ನನ್ನದು ಮಿಶ್ರಣದ ಕೆಲಸ.
ರಬ್ಬರು, ಗಂಧಕ, ಕಾಡಿಗೆಯಂಥ ಕರಿ,
ಸಿಲಿಕಾ ಹುಡಿ, ಚೂರು ರಾಳ.
ಬೇಯಿಸು, ಒತ್ತು, ನೋಡು.
ಒತ್ತಿದ ಕೂಡಲೇ ಪುಟಿದೆದ್ದರೆ ಅದು ಜಾರುವ ಜಾತಿ;
ರಸ್ತೆಯ ಹರಳನ್ನು ತಬ್ಬಿ
ತುಸು ತಡವಾಗಿ ಮೈ ಬಿಡಿಸಿಕೊಂಡರೆ ಹಿಡಿತ.
ಆ ತಡಕ್ಕೆ ದಂಡ ಬಿಸಿ, ಬಿಸಿಗೆ ದಂಡ ಸವೆತ.
ಮೆತ್ತಗೆ ಮಾಡಿದೆಯೋ, ತಿರುವಿನಲ್ಲಿ ತಡವರಿಕೆ;
ಬಿಗಿ ಮಾಡಿದೆಯೋ, ಮಳೆಯಲ್ಲಿ ಕೈಕೊಡುತ್ತದೆ.
ಹದ ತೋರಿಸುವ ಮುಳ್ಳು ನಮ್ಮ ಯಾವ ಯಂತ್ರದಲ್ಲೂ ಇಲ್ಲ.

ಅದಕ್ಕೆ ಕೊಪ್ರಿವಾ.
"ನಡುವಲ್ಲಿ ನಿದ್ದೆ ಹೊಡೀತಿದೆ," ಎಂದು ಬರೆಯುತ್ತಿದ್ದ.
"ಉತ್ತರ ಕೊಡತ್ತೆ, ಮುಖ ನೋಡಿ ಕೊಡಲ್ಲ."
ಒಳಗಿನ ಉಕ್ಕಿನ ಪಟ್ಟಿಯ ಓರೆಯನ್ನು
ಒಂದೇ ಒಂದು ಡಿಗ್ರಿ ತಿರುಗಿಸಿ ಕಳಿಸುತ್ತಿದ್ದೆ, ಹೇಳದೆ.
ಮೂರನೇ ತಿರುವಿಗೆ ರೇಡಿಯೋದಲ್ಲಿ:
"ಎದ್ದಿತು."

ಹದಿನೇಳನೇ ಮಾದರಿಗೆ ಐದು ಅಂಕ. "ನಡು ಸತ್ತಿದೆ."
ಸೆನ್ಸರುಗಳು ಬದುಕಿದೆ ಎಂದವು.
ಮೂರು ಸಲ ಹೊಸದಾಗಿ ಬೇಯಿಸಿದೆ,
ಮೂರು ಸಲವೂ ಸಾವಿನ ಸುದ್ದಿ.
ಆಮೇಲೆ ಅವನೇ ಅಂದ:
ಚೀಟಿ ಕಿತ್ತು ಹಾಕು. ಒಂದೇ ಜೊತೆಯನ್ನು ಎರಡು ಸಲ ಕೊಡು,
ಯಾವಾಗ ಅಂತ ಹೇಳಬೇಡ.

ಬೆಳಿಗ್ಗೆ ಎಂಟು ಕೊಟ್ಟ. ಮಧ್ಯಾಹ್ನ ಐದು.
ಅವೇ ನಾಲ್ಕು ಟೈರು.

ಚಹಾದ ಲೋಟಕ್ಕೆ ಬಲಗೈ ಬೆರಳೊತ್ತಿ ಕೂತ.
ಹೊಗೆಯಾಡುವ ಚಹಾ.
ನಾನೇ ಕಸಿದುಕೊಳ್ಳಬೇಕಾಯಿತು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆನ್ನುತ್ತಾರೆ;
ಅಂಗೈಗೇ ಮರೆವು ಬಂದರೆ?

ಷರಾ ಕಾಲಂನಲ್ಲಿ ಬರೆದ:
ಟೈರು ಸರಿ ಇದೆ. ಕೈ ಸವೆದಿದೆ.
ರುಜು ಹಾಕಿದ.

ಮರುದಿನ ನೀರು ಬಿಟ್ಟ ಟ್ರ್ಯಾಕಿನಲ್ಲಿ
ನನ್ನನ್ನು ಸ್ಟೀರಿಂಗಿಗೆ ಕೂರಿಸಿ ಪಕ್ಕದಲ್ಲಿ ಕೂತ.
"ಹಿಂಡಬೇಡ. ಕತ್ತಲಲ್ಲಿ ಜೇಬಿನ ಕೀಲಿ ತಡಕೋ ಹಾಗೆ ಹಿಡಿ."
ಎರಡನೇ ಸುತ್ತು, ಏನೂ ಇಲ್ಲ.
ಒಂಬತ್ತನೇ ಸುತ್ತು, ಏನೂ ಇಲ್ಲ. ಬ್ರೆಡ್ಡು ಖಾಲಿ.
ಹನ್ನೊಂದರಲ್ಲೋ ಹನ್ನೆರಡರಲ್ಲೋ,
ನೀರು ತೆಳ್ಳಗಾಗುವ ಎಡತಿರುವಿನಲ್ಲಿ
ಚಕ್ರದ ತೂಕ ಕೂದಲೆಳೆಯಷ್ಟು ಇಳಿಯಿತು,
ಆಮೇಲೆ ಜಾರಿದೆವು, ಬಾಲ ತಿರುಗಿ,
ಹುಲ್ಲಿನವರೆಗೆ.

ಎಂಜಿನ್ ಆರಿತ್ತು. ವೈಪರ್ ಮಾತ್ರ ಆಡುತ್ತಿತ್ತು.
ಅವನು ಕೇಳಿದ:
"ಹೇಳದೆ ಬಿಟ್ಟಿತೋ, ಹೇಳಿ ಬಿಟ್ಟಿತೋ?"
"ಹೇಳಿ."
"ಎಷ್ಟು?"
"ಏಳು." ತಡೆದು, "ಏಳೂವರೆ."
ಎಡಗೈಯಲ್ಲಿ ಬರೆದುಕೊಂಡ, ಸೊಟ್ಟಗೆ.

ಏಪ್ರಿಲ್ ತಿಂಗಳು. ಟ್ರ್ಯಾಕಿನಂಚಿಗೆ ಎಳೇ ತುರಿಕೆಸೊಪ್ಪು.
ಈಸ್ಟರ್ ಅಡುಗೆಗೆ ಬೇಕು, ಹೆಂಡತಿ ಹೇಳಿದ್ದಾಳೆ ಎಂದು
ಬಾಗಿಲು ತೆಗೆದು ಇಳಿದ, ಬರಿಗೈ.
ಬಲಗೈ ಸರಸರ ಕೀಳುತ್ತಿತ್ತು.
ಟೋಪಿ ಹಿಡಿದ ಎಡಗೈ ಆಗಾಗ ಸೊಪ್ಪಿಗೆ ತಗುಲಿ
ಬೆಚ್ಚಿ ಹಿಂದೆ ಸರಿಯುತ್ತಿತ್ತು.